ಬಹುಮಾನ ಸಿಗದ ಮಕ್ಕಳ ಜೊತೆಗೂ ಹತ್ತು ನಿಮಿಷ ಮಾತಾಡಿ: ವಿಜ್ಞಾನ ಸ್ಪರ್ಧೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಮುಖ್ಯಸ್ಥರೆ, ಸಂಘಟಕರೆ, ತೀರ್ಪುಗಾರರೆ,

ನಮಸ್ಕಾರ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ವರ್ಷ ವರ್ಷವೂ ಮಕ್ಕಳನ್ನು ವಿಜ್ಞಾನ ಮೇಳ, ಕ್ವಿಜ್, ಒಲಿಂಪಿಯಾಡ್‌ಗಳಿಗೆ ತಯಾರು ಮಾಡುತ್ತೇನೆ. ಕೆಲವು ಸಲ ತೀರ್ಪುಗಾರರ ಸಾಲಿನಲ್ಲೂ ಕೂತಿದ್ದೇನೆ. ನಿಮ್ಮ ಹತ್ತಿರ ನನ್ನದೊಂದು ಬೇಡಿಕೆ ಇದೆ. ಸ್ಪರ್ಧೆಗೆ ಬಂದ ಎಲ್ಲ ಮಕ್ಕಳ ಜೊತೆಗೂ, ಗೆದ್ದಿರಲಿ ಸೋತಿರಲಿ, ಅವರ ಕೆಲಸದ ಬಗ್ಗೆ ವಿಷಯ ಗೊತ್ತಿರುವವರೊಬ್ಬರು ನಿಂತು ಮಾತಾಡಬೇಕು. ಆಡಿದ ಮಾತನ್ನು ನಾಲ್ಕು ಸಾಲಿನಲ್ಲಿ ಬರೆದು ಅವರ ಕೈಗೆ ಕೊಡಬೇಕು.

ಇಷ್ಟಕ್ಕೆ ಬಹಿರಂಗ ಪತ್ರ ಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ಮಕ್ಕಳು ಸ್ಪರ್ಧೆಗೆ ಯಾಕೆ ಬರುತ್ತಾರೆ, ಬಂದವರಲ್ಲಿ ಯಾರು ಉಳಿಯುತ್ತಾರೆ, ಯಾರು ಒಂದೇ ವರ್ಷಕ್ಕೆ ಸಾಕು ಅಂತ ಹೋಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಹೆಸರು ಕೊಡುವವರನ್ನು ಯಾಕೆ ಸೇರಿದೆ ಅಂತ ಕೇಳಿ ನೋಡಿ. "ಅವಳು ಸೇರಿದ್ಲು, ಅದಕ್ಕೆ ನಾನೂ ಸೇರಿದೆ." "ಸರ್ ನನ್ನ ಹೆಸರು ಬರೆದುಬಿಟ್ರು." "ಅಮ್ಮ ಸೇರ್ಕೋ ಅಂದ್ರು." "ಒಂದು ದಿನ ಕ್ಲಾಸ್ ಇರಲ್ವಲ್ಲ ಮಿಸ್." ಸರ್ಟಿಫಿಕೇಟ್ ಮುಂದೆ ಉಪಯೋಗಕ್ಕೆ ಬರುತ್ತೆ ಅನ್ನುವವರೂ ಇದ್ದಾರೆ. ವಿಜ್ಞಾನದ ಮೇಲಿನ ಪ್ರೀತಿಯಿಂದ ಬಂದೆ ಅನ್ನುವವರು ಕಮ್ಮಿ. ಹಾಗಂತ ಹೇಳಿದವರಲ್ಲೂ ಕೆಲವರು ದೊಡ್ಡವರಿಗೆ ಖುಷಿಯಾಗಲಿ ಅಂತ ಹೇಳಿರುತ್ತಾರೆ.

ಈ ಕಾರಣಗಳನ್ನು ದಯವಿಟ್ಟು ಹಗುರವಾಗಿ ನೋಡಬೇಡಿ. "ನಿಜವಾದ ಆಸಕ್ತಿ ಇರುವವರು ಮಾತ್ರ ಬನ್ನಿ" ಅಂತ ಬೋರ್ಡ್ ಹಾಕಿದರೆ ಅರ್ಧ ಕೋಣೆ ಖಾಲಿಯಾಗುತ್ತದೆ. ಖಾಲಿಯಾದ ಅರ್ಧದಲ್ಲಿ ಯಾರಿದ್ದರು ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ತಮಗೇನು ಇಷ್ಟ ಅಂತ ಗೊತ್ತಾಗುವುದೇ ಅದನ್ನು ಮಾಡಿ ನೋಡಿದ ಮೇಲೆ. ಗೆಳತಿಯ ಕೈ ಹಿಡಿದುಕೊಂಡು ಬಂದರೂ ಬರಲಿ ಬಿಡಿ.

ಮರಿಯಮ್ ಮಿರ್ಜಾಖಾನಿಯ ಹೆಸರು ನಿಮಗೆ ಗೊತ್ತೇ ಇದೆ. 2014ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. ಇರಾನಿನ ಈ ಹುಡುಗಿಗೆ ಮಿಡ್ಲ್ ಸ್ಕೂಲಿನ ಮೊದಲ ವರ್ಷ ಗಣಿತ ಅಷ್ಟೊಂದು ಚೆನ್ನಾಗಿ ಹೋಗಿರಲಿಲ್ಲ. ಆಗಿನ ಟೀಚರ್‌ಗೆ ಇವಳಲ್ಲಿ ವಿಶೇಷ ಪ್ರತಿಭೆ ಏನೂ ಕಂಡಿರಲಿಲ್ಲ. ಹುಡುಗಿಯ ಉತ್ಸಾಹವೂ ಇಳಿದಿತ್ತು. ಮರುವರ್ಷ ಬಂದ ಟೀಚರ್ ಹುರಿದುಂಬಿಸಿದರು, ಪರಿಸ್ಥಿತಿ ಬದಲಾಯಿತು. ಆಮೇಲೆ ಹೈಸ್ಕೂಲಿನಲ್ಲಿ ಅವಳಿಗೂ ಅವಳ ಗೆಳತಿ ರೋಯಾ ಬೆಹೆಷ್ತಿಗೂ ಒಂದು ರಾಷ್ಟ್ರೀಯ ಸ್ಪರ್ಧೆಯ ಪ್ರಶ್ನೆಪತ್ರಿಕೆ ಸಿಕ್ಕಿತು. ಮೂರು ಗಂಟೆಯಲ್ಲಿ ಬಿಡಿಸಬೇಕಾದ 6 ಲೆಕ್ಕ. ಇಬ್ಬರೂ ಹಲವು ದಿನ ಕೂತು 3 ಲೆಕ್ಕ ಬಿಡಿಸಿದರು. ಇನ್ನೊಬ್ಬರಾಗಿದ್ದರೆ, ಇಷ್ಟು ದಿನ ಕೂತರೂ ಅರ್ಧವೇ ಆಯ್ತಲ್ಲ ಅಂತ ಪೇಪರ್ ಮಡಚಿಡುತ್ತಿದ್ದರೇನೋ. ಇವರಿಗೆ ಮೂರು ಲೆಕ್ಕ ಬಂತಲ್ಲ ಅನ್ನುವುದೇ ಹಿಗ್ಗು. ನೆಟ್ಟಗೆ ಪ್ರಾಂಶುಪಾಲರ ಹತ್ತಿರ ಹೋಗಿ, ಹುಡುಗರ ಶಾಲೆಯಲ್ಲಿ ಇರುವ ಹಾಗೆ ನಮಗೂ ಲೆಕ್ಕ ಬಿಡಿಸುವ ತರಗತಿ ಬೇಕು ಅಂದರು. ಅದುವರೆಗೂ ಆ ದೇಶದ ಗಣಿತ ಒಲಿಂಪಿಯಾಡ್ ತಂಡದಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ. ಆ ಪ್ರಾಂಶುಪಾಲೆ ಅದನ್ನೇ ನೆಪ ಮಾಡಿಕೊಳ್ಳಲಿಲ್ಲ, ತರಗತಿ ಶುರುಮಾಡಿಸಿದರು. 1994ರಲ್ಲಿ ಗೆಳತಿಯರಿಬ್ಬರೂ ಇರಾನ್ ತಂಡದಲ್ಲಿದ್ದರು. ಮಿರ್ಜಾಖಾನಿಗೆ 42ಕ್ಕೆ 41 ಅಂಕ, ಚಿನ್ನದ ಪದಕ. ಮರುವರ್ಷ 42ಕ್ಕೆ 42.

ಪದಕಗಳ ಕಥೆ ಎಲ್ಲರೂ ಹೇಳುತ್ತಾರೆ. ಶಾಲಾ ಮುಖ್ಯಸ್ಥರಾದ ನೀವು ಅದಕ್ಕಿಂತ ಹಿಂದಿನ ಭಾಗ ನೋಡಬೇಕು ಅಂತ ನನ್ನ ಆಸೆ. ಒಬ್ಬಳು ಜೊತೆಗಾತಿ, ಅರ್ಧ ಬಿಡಿಸಿದ ಒಂದು ಪ್ರಶ್ನೆಪತ್ರಿಕೆ, "ಸರಿ, ಮಾಡೋಣ" ಅಂದ ಒಬ್ಬ ಹಿರಿಯರು. ಗೆಲುವು ಬರುವ ಎಷ್ಟೋ ಮುಂಚೆಯೇ ಆ ಹುಡುಗಿಯರು ಅದರಲ್ಲಿ ಮುಳುಗಿದ್ದರು.

ಬರುವ ಕಾರಣ ನೂರು ಇರಬಹುದು. ಉಳಿಯುವ ಕಾರಣ ಅಷ್ಟಿಲ್ಲ. ಮುಂದಿನ ವರ್ಷ ತಾವಾಗಿಯೇ ಬಂದು "ಮಿಸ್, ಈ ಸಲ ಯಾವಾಗ?" ಅಂತ ಕೇಳುವ ಮಕ್ಕಳನ್ನು ಗಮನಿಸಿದ್ದೇನೆ. ಅವರ ಹತ್ತಿರ ತಮ್ಮದೇ ಅನ್ನುವ ಒಂದು ಪ್ರಶ್ನೆ ಇರುತ್ತದೆ. ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಯಾರೋ ಒಬ್ಬರು ಸಿಕ್ಕಿರುತ್ತಾರೆ.

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಮೇಳಕ್ಕೆ ಲೋಲಕ ತಂದಿದ್ದಳು. ಸುಮಾರು ಒಂದು ಮೀಟರ್ ದಾರ, ತುದಿಗೆ ಲೋಹದ ಗುಂಡು, ಕೋನ ಅಳೆಯಲು ಒಂದು ದೊಡ್ಡ ರಟ್ಟಿನ ಕೋನಮಾಪಕ, ಒಂದು ಸ್ಟಾಪ್‌ವಾಚ್. ಅಷ್ಟೇ. ಒಂದು ಪಕ್ಕದಲ್ಲಿ ಹೊಗೆ ಉಗುಳುವ ಜ್ವಾಲಾಮುಖಿ, ಇನ್ನೊಂದು ಪಕ್ಕದಲ್ಲಿ ದೀಪ ಹತ್ತಿ ತಿರುಗುವ ಸೌರಮಂಡಲ. ಇವಳ ಮೇಜಿನ ಹತ್ತಿರ ಯಾರೂ ಜಾಸ್ತಿ ನಿಲ್ಲುತ್ತಿರಲಿಲ್ಲ.

ಲೋಲಕವನ್ನು ಎಷ್ಟೇ ಎಳೆದು ಬಿಟ್ಟರೂ ಒಂದು ಸಲ ಹೋಗಿ ಬರಲು ಅಷ್ಟೇ ಸಮಯ ಬೇಕು ಅಂತ ಪಾಠದಲ್ಲಿ ಹೇಳಿಕೊಡುತ್ತೇವೆ. ಇದು ಸಣ್ಣ ಕೋನಕ್ಕೆ ಮಾತ್ರ ಸರಿ. ಆ ಮಾತು ಮಕ್ಕಳ ಕಿವಿಯಲ್ಲಿ ನಿಲ್ಲುವುದೇ ಇಲ್ಲ. ಇವಳು 10 ಡಿಗ್ರಿಗೆ ಎಳೆದು ಬಿಟ್ಟಾಗ ಒಂದು ತೂಗಾಟಕ್ಕೆ 2 ಸೆಕೆಂಡ್ ಬಂತು. 60 ಡಿಗ್ರಿಗೆ ಎಳೆದು ಬಿಟ್ಟರೆ ಜಾಸ್ತಿ ಬಂತು. ತನ್ನ ಅಳತೆಯೇ ತಪ್ಪು ಅಂದುಕೊಂಡಳು. ಮತ್ತೆ ಅಳೆದಳು. ಮತ್ತೆ ಹಾಗೇ ಬಂತು. ಕೊನೆಗೆ ಧೈರ್ಯ ಮಾಡಿ ಅದನ್ನೇ ಚಾರ್ಟಿನಲ್ಲಿ ಬರೆದಿದ್ದಳು.

ತೀರ್ಪುಗಾರರೊಬ್ಬರು ಬಂದರು. ಚಾರ್ಟ್ ಓದಿದರು. "ಒಂದು ತೂಗಾಟ ಅಳೆದರೆ ಸಾಲದಾ? 20 ಯಾಕೆ ಅಳೆದೆ?" ಅಂತ ಕೇಳಿದರು.

"ಗುಂಡಿ ಒತ್ತುವಾಗ ನನ್ನ ಕೈ ಸ್ವಲ್ಪ ತಡ ಆಗುತ್ತೆ ಸರ್. ಎರಡು ಸೆಕೆಂಡಿನಲ್ಲಿ ಅಷ್ಟು ತಪ್ಪು ಬಂದರೆ ತುಂಬಾ ದೊಡ್ಡದು. ನಲವತ್ತು ಸೆಕೆಂಡಿನಲ್ಲಿ ಬಂದರೆ ಪರವಾಗಿಲ್ಲ."

ಅವಳು ಹೇಳಿದ್ದು ಸರಿ. ನಮ್ಮ ಕಣ್ಣು ನೋಡಿ ಕೈ ಒತ್ತುವಷ್ಟರಲ್ಲಿ ಹತ್ತಿರ ಹತ್ತಿರ 0.2 ಸೆಕೆಂಡ್ ಹೋಗುತ್ತದೆ. 2 ಸೆಕೆಂಡಿನಲ್ಲಿ ಅದು ಶೇಕಡಾ 10ರಷ್ಟು ತಪ್ಪು. 40 ಸೆಕೆಂಡಿನಲ್ಲಿ ಅರ್ಧ ಶೇಕಡಾ. ತೀರ್ಪುಗಾರರು ತಲೆಯಾಡಿಸಿದರು. ಆದರೆ ಅಲ್ಲಿಂದ ಹೋಗಲಿಲ್ಲ. "ಸರಿ, 60 ಡಿಗ್ರಿಯಿಂದ ಬಿಟ್ಟೆ. 20 ತೂಗಾಟ ಆಗುವಷ್ಟರಲ್ಲಿ ಅದು 60 ಡಿಗ್ರಿಯಲ್ಲೇ ಇರುತ್ತಾ?"

ಹುಡುಗಿ ಸುಮ್ಮನಾದಳು. ಗುಂಡನ್ನು ಎಳೆದು ಬಿಟ್ಟಳು. ಇಬ್ಬರೂ ನಿಂತು ನೋಡಿದರು. ತೂಗಾಟ ಕ್ರಮೇಣ ಚಿಕ್ಕದಾಗುತ್ತಾ ಬಂತು. "ಇಲ್ಲ ಸರ್. ಅಂದ್ರೆ... ನಾನು ಅಳೆದಿದ್ದು 60 ಡಿಗ್ರಿದು ಅಲ್ಲವೇ ಅಲ್ಲ."

"ಹಾಗಾದ್ರೆ ನಿಜವಾದ 60 ಡಿಗ್ರಿದು ಇನ್ನೂ ಜಾಸ್ತಿ ಇರಬೇಕಾ, ಕಮ್ಮಿ ಇರಬೇಕಾ? ಯೋಚನೆ ಮಾಡು" ಅಂದು ಅವರು ಮುಂದಿನ ಮೇಜಿಗೆ ಹೋದರು.

ಅವಳಿಗೆ ಬಹುಮಾನ ಬರಲಿಲ್ಲ. ಸೌರಮಂಡಲಕ್ಕೆ ಬಂತು. ಆದರೆ ಮುಂದಿನ ವಾರ ಅವಳು ಪ್ರಯೋಗಾಲಯದ ಕೀಲಿ ಕೇಳಿಕೊಂಡು ಬಂದಳು. ಫೋನಿನಲ್ಲಿ ವಿಡಿಯೋ ಮಾಡಿ ಫ್ರೇಮ್ ಫ್ರೇಮ್ ಆಗಿ ನೋಡಿದರೆ ಮೊದಲ ಒಂದು ತೂಗಾಟವನ್ನೇ ಅಳೆಯಬಹುದು ಅಂತ ಅವಳಿಗೆ ಹೊಳೆದಿತ್ತು. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 0.03 ಸೆಕೆಂಡ್ ಚಿಲ್ಲರೆ. ಕೈಗಿಂತ ಎಷ್ಟೋ ವಾಸಿ. ಅಳೆದಳು. 2.15ರ ಹತ್ತಿರ ಬಂತು. ಸಿದ್ಧಾಂತದ ಲೆಕ್ಕ ಹಾಕಿದರೂ 60 ಡಿಗ್ರಿಯಲ್ಲಿ ಸುಮಾರು ಶೇಕಡಾ 7ರಷ್ಟು ಜಾಸ್ತಿ ಬರಬೇಕು. ಅವಳ ಮುಖ ನೀವು ನೋಡಬೇಕಿತ್ತು. ಆಗ ಯಾವ ಸ್ಪರ್ಧೆಯೂ ನಡೆಯುತ್ತಿರಲಿಲ್ಲ. ಅಂಕವೂ ಇರಲಿಲ್ಲ.

ಇನ್ನೊಂದು ಮೇಳಕ್ಕೆ ಕರೆದುಕೊಂಡು ಹೋದ ಹುಡುಗನದು ಬೇರೆಯೇ ಅನುಭವ. ಬೀಜ ಮೊಳೆಯುವುದರ ಮೇಲೆ ವಾರಗಟ್ಟಲೆ ಕೆಲಸ ಮಾಡಿದ್ದ. ದಿನಾ ಸಂಜೆ ಅಳತೆ ಬರೆದ ನೋಟ್‌ಬುಕ್ ಮೇಜಿನ ಮೇಲಿಟ್ಟಿದ್ದ. ತೀರ್ಪುಗಾರರು ಬಂದು ಮಾಡೆಲ್ ನೋಡಿ, ಹೆಸರು ಕೇಳಿ, ಹಾಳೆಯಲ್ಲಿ ಏನೋ ಗುರುತು ಹಾಕಿ ಹೋದರು. ನೋಟ್‌ಬುಕ್ ಮುಚ್ಚೇ ಇತ್ತು. ಸಂಜೆ ಗೋಡೆಗೆ ಮೂರು ಹೆಸರಿನ ಪಟ್ಟಿ ಅಂಟಿಸಿದರು. ವಾಪಸ್ ಬರುವಾಗ ಅವನು ಕೇಳಿದ: "ಮಿಸ್, ನಂದು ಎಲ್ಲಿ ತಪ್ಪಾಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನಮಗೆ ಯಾರೂ ಏನೂ ಹೇಳಿರಲಿಲ್ಲ. ಮುಂದಿನ ವರ್ಷ ಅವನು ಹೆಸರು ಕೊಡಲಿಲ್ಲ. ಸೋತಿದ್ದಕ್ಕೆ ಬಿಟ್ಟ ಅಂತ ನೀವು ಅಂದುಕೊಳ್ಳಬಹುದು. ನನಗೆ ಹಾಗನ್ನಿಸುವುದಿಲ್ಲ. ಅವನ ಕೆಲಸವನ್ನು ಯಾರೂ ನೋಡಲೇ ಇಲ್ಲ.

ಬಹುಮಾನದ ಬಗ್ಗೆಯೂ ಸ್ವಲ್ಪ ಹೇಳಬೇಕು. ಬಹುಮಾನ ಬೇಡ ಅನ್ನುವವಳು ನಾನಲ್ಲ. ಗೆದ್ದವರ ಖುಷಿ ದೊಡ್ಡ ಖುಷಿ, ಅದನ್ನು ಯಾಕೆ ಕಿತ್ತುಕೊಳ್ಳಬೇಕು? ಆದರೆ ಬಹುಮಾನ ಆಸೆ ಹುಟ್ಟಿಸುತ್ತದೆ, ಆಸಕ್ತಿ ತಾನಾಗಿಯೇ ಹಿಂದೆ ಬರುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವಲ್ಲ, ಅದು ಅಷ್ಟು ಸರಳ ಅಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ರಿಬ್ಬನ್ ಅಂಟಿಸಿದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮುಂಚೆಯೇ ಹೇಳಿದರು. ಕೆಲವರಿಗೆ ಮುಂಚೆ ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರದ ಮೇಲೆ, ಬಿಡುವಿನ ವೇಳೆಯಲ್ಲಿ ಯಾರು ಎಷ್ಟು ಹೊತ್ತು ಚಿತ್ರ ಬರೆಯುತ್ತಾರೆ ಅಂತ ನೋಡಿದರು. ಸರ್ಟಿಫಿಕೇಟಿಗಾಗಿ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಅನಿರೀಕ್ಷಿತವಾಗಿ ಸರ್ಟಿಫಿಕೇಟ್ ಸಿಕ್ಕವರ ಆಸಕ್ತಿ ಕುಂದಿರಲಿಲ್ಲ.

ಶಿಶುವಿಹಾರದ ಮಕ್ಕಳೇ ಬೇರೆ, ಹೈಸ್ಕೂಲಿನ ಮಕ್ಕಳೇ ಬೇರೆ, ಒಪ್ಪುತ್ತೇನೆ. ಆದರೂ ಈ ಪ್ರಯೋಗ ಓದಿದಾಗೆಲ್ಲ ನಮ್ಮ ಸುತ್ತೋಲೆಗಳು ನೆನಪಾಗುತ್ತವೆ. ಪ್ರಥಮ, ದ್ವಿತೀಯ, ತೃತೀಯ ಬಹುಮಾನದ ವಿವರ ದಪ್ಪ ಅಕ್ಷರದಲ್ಲಿ ಮೇಲೆ. ಮಕ್ಕಳು ಏನು ಮಾಡಬಹುದು, ಯಾವ ತರಹದ ಪ್ರಶ್ನೆ ಹುಡುಕಬಹುದು ಅನ್ನುವುದು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ. ಬಹುಮಾನ ಕೊಡಿ, ಆದರೆ ಕರೆಯುವಾಗ ಅದನ್ನೇ ಮುಂದೆ ಮಾಡಿ ಕರೆಯಬೇಡಿ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಯಾವುದೇ ಕೆಲಸದಲ್ಲಿ ಮನಸ್ಸು ನಿಲ್ಲಬೇಕಾದರೆ ಅದು ತನ್ನ ಆಯ್ಕೆ ಅನ್ನಿಸಬೇಕು, ನನಗೆ ಇದು ಬರುತ್ತಿದೆ ಅನ್ನಿಸಬೇಕು, ಜೊತೆಗೆ ನನ್ನವರು ಇದ್ದಾರೆ ಅನ್ನಿಸಬೇಕು ಅನ್ನುತ್ತಾರೆ. ಲೋಲಕದ ಹುಡುಗಿಗೆ ಮೂರೂ ಸಿಕ್ಕಿತ್ತು. ಬೀಜದ ಹುಡುಗನಿಗೆ ಮೊದಲನೆಯದು ಇತ್ತು. ಉಳಿದ ಎರಡು ಕೊಡಬೇಕಾದವರು ನಾವಾಗಿದ್ದೆವು.

ದೊಡ್ಡ ಸ್ಪರ್ಧೆಗಳನ್ನು ನೋಡಿ ಕಲಿಯುವುದು ಬೇಕಾದಷ್ಟಿದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಒಟ್ಟು 6 ಲೆಕ್ಕ. ಇಷ್ಟು ಕಠಿಣವಾದ ಸ್ಪರ್ಧೆಯಲ್ಲೂ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪದಕ ಇದೆ. ಪದಕ ಬರದವರು ಒಂದೇ ಒಂದು ಲೆಕ್ಕವನ್ನು ಪೂರ್ತಿ ಸರಿ ಮಾಡಿದ್ದರೂ ಗೌರವ ಪ್ರಶಸ್ತಿ ಕೊಡುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅಲ್ಲಿ ಅಂಕ ಕೊಡುವ ರೀತಿ. ಪ್ರತಿ ವಿದ್ಯಾರ್ಥಿಯ ಪ್ರತಿ ಉತ್ತರವನ್ನೂ ಮುಂದಿಟ್ಟುಕೊಂಡು ಆ ದೇಶದ ತಂಡದ ನಾಯಕರು ಮತ್ತು ಮೌಲ್ಯಮಾಪಕರು ಎದುರುಬದುರು ಕೂತು ಚರ್ಚಿಸುತ್ತಾರೆ. ಈ ಸಾಲಿನಲ್ಲಿ ಹುಡುಗ ಏನು ಹೇಳಲು ಹೊರಟಿದ್ದಾನೆ, ಇದು ಉತ್ತರದ ಹತ್ತಿರ ಬಂದಿದೆಯೋ ಇಲ್ಲವೋ ಅಂತ ವಾದ ನಡೆಯುತ್ತದೆ. ಹೈಸ್ಕೂಲ್ ಹುಡುಗನ ಗೀಚು ಹಾಳೆಗೆ ಅಷ್ಟು ಮರ್ಯಾದೆ!

ಅಂತರರಾಷ್ಟ್ರೀಯ ಯುವ ಭೌತವಿಜ್ಞಾನಿಗಳ ಟೂರ್ನಮೆಂಟ್ ಅಂತ ಇನ್ನೊಂದಿದೆ. 1988ರಿಂದ ನಡೆಯುತ್ತಿದೆ. ಅಲ್ಲಿ 17 ಪ್ರಶ್ನೆಗಳನ್ನು ತಿಂಗಳುಗಟ್ಟಲೆ ಮುಂಚೆ ಪ್ರಕಟಿಸುತ್ತಾರೆ. ಯಾವುದಕ್ಕೂ ಸಿದ್ಧ ಉತ್ತರ ಇಲ್ಲ. ಐದು ಜನರ ತಂಡ ಪ್ರಯೋಗ ಮಾಡಿ ಬಂದು ವೇದಿಕೆಯ ಮೇಲೆ ವಿವರಿಸಬೇಕು. ಇನ್ನೊಂದು ತಂಡ ಎದುರು ನಿಂತು ಪ್ರಶ್ನೆ ಹಾಕುತ್ತದೆ. ಮೂರನೆಯ ತಂಡ ಇಬ್ಬರ ಮಾತನ್ನೂ ತೂಗಿ ನೋಡುತ್ತದೆ. ನಿಮ್ಮ ಕೆಲಸದಲ್ಲಿ ಎಲ್ಲಿ ಸಡಿಲ ಇದೆ ಅನ್ನುವುದು ಎದುರಾಳಿಯ ಬಾಯಿಂದಲೇ ಗೊತ್ತಾಗುತ್ತದೆ. ಹಾಗೆ ಕೇಳಲು ಎದುರಾಳಿಯೂ ನಿಮ್ಮ ಕೆಲಸವನ್ನು ಅರ್ಥ ಮಾಡಿಕೊಂಡಿರಲೇಬೇಕು.

"ಫಸ್ಟ್" (FIRST) ಅನ್ನುವ ಸಂಸ್ಥೆ ನಡೆಸುವ ರೋಬೋಟಿಕ್ಸ್ ಸ್ಪರ್ಧೆಯಲ್ಲಿ ಮೂರು ತಂಡಗಳು ಒಂದಾಗಿ ಇನ್ನು ಮೂರು ತಂಡಗಳ ಎದುರು ಆಡುತ್ತವೆ. ಈ ಪಂದ್ಯದ ಎದುರಾಳಿ ಮುಂದಿನ ಪಂದ್ಯದಲ್ಲಿ ಜೊತೆಗಾರ. ಪಕ್ಕದ ತಂಡದ ರೋಬೋಟ್ ಕೆಟ್ಟರೆ ಹೋಗಿ ರಿಪೇರಿ ಮಾಡಿಕೊಡುವುದು ಅಲ್ಲಿ ಮಾಮೂಲು. ಮಕ್ಕಳು ಗೆಳೆತನಕ್ಕೆ ಬರುತ್ತಾರೆ ಅನ್ನುವುದನ್ನು ಆ ಸ್ಪರ್ಧೆ ಕಟ್ಟಿದವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

ಅವೆಲ್ಲ ದೊಡ್ಡ ಮಟ್ಟದವು, ನಮ್ಮ ಶಾಲೆಗಳ ಮಟ್ಟಕ್ಕೆ ಎಲ್ಲಿ ಸಾಧ್ಯ ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. 100 ಪ್ರಾಜೆಕ್ಟ್ ಬಂದಿವೆ ಅಂದುಕೊಳ್ಳಿ. ಒಂದಕ್ಕೆ 10 ನಿಮಿಷ ಅಂದರೆ 1000 ನಿಮಿಷ. 10 ಜನ ತೀರ್ಪುಗಾರರಿದ್ದರೆ ಒಬ್ಬೊಬ್ಬರಿಗೆ 100 ನಿಮಿಷ. ಎರಡು ಗಂಟೆಯೂ ಆಗಲಿಲ್ಲ. ಉದ್ಘಾಟನೆಯ ಭಾಷಣಗಳನ್ನು ಸ್ವಲ್ಪ ಕಮ್ಮಿ ಮಾಡಿದರೆ ಸಮಯ ಸಿಕ್ಕೇ ಸಿಗುತ್ತದೆ. 10 ಜನ ತೀರ್ಪುಗಾರರು ಸಿಗುವುದಿಲ್ಲವಾ? ಅಂಕ ಕೊಡುವವರು ಇಬ್ಬರು ಮೂವರೇ ಇರಲಿ. ಮಾತಾಡಲು ಬೇರೆಯವರನ್ನು ಕರೆಯಿರಿ. ಹಿಂದೆ ಸ್ಪರ್ಧೆಗೆ ಬಂದು ಈಗ ಕಾಲೇಜಿನಲ್ಲಿರುವ ಮಕ್ಕಳನ್ನು ಕೇಳಿ ನೋಡಿ, ಖುಷಿಯಿಂದ ಬರುತ್ತಾರೆ. ಅವರು ಹತ್ತಿರದ ವಯಸ್ಸಿನವರು. ಅವರ ಎದುರು ಚಿಕ್ಕವರು ಹೆದರುವುದೂ ಇಲ್ಲ.

ತೀರ್ಪುಗಾರರಿಗೆ ಒಂದು ಕಿವಿಮಾತು, ಕೋಪ ಮಾಡಿಕೊಳ್ಳಬೇಡಿ. ಮಾಡೆಲ್‌ಗಿಂತ ಮೊದಲು ನೋಟ್‌ಬುಕ್ ತೆರೆಯಿರಿ. ದೊಡ್ಡವರು ಮಾಡಿಕೊಟ್ಟ ಮಾಡೆಲ್ ಯಾವುದು ಅಂತ ನಿಮಗೂ ಗೊತ್ತಾಗುತ್ತೆ, ಅಲ್ವಾ? ಗೊತ್ತಾದರೂ ಅದಕ್ಕೇ ಅಂಕ ಹಾಕಿದರೆ ಸ್ವಂತ ಕೈಯಿಂದ ಮಾಡಿಕೊಂಡು ಬಂದವರು ಏನು ಕಲಿತು ಹೋಗುತ್ತಾರೆ? ಬಾಯಿಪಾಠ ಒಪ್ಪಿಸುತ್ತಿದ್ದರೆ ಮಧ್ಯದಲ್ಲೇ ನಿಲ್ಲಿಸಿ, "ಇದರಲ್ಲಿ ನೀನು ಅಂದುಕೊಂಡ ಹಾಗೆ ಆಗದೇ ಇದ್ದದ್ದು ಯಾವುದು?" ಅಂತ ಕೇಳಿ. ಸ್ವಂತ ಕೆಲಸ ಮಾಡಿದವರ ಹತ್ತಿರ ಈ ಪ್ರಶ್ನೆಗೆ ಹೇಳಲು ತುಂಬಾ ಇರುತ್ತದೆ. ಹೇಳುತ್ತಾ ಹೇಳುತ್ತಾ ಅವರ ದನಿಯೇ ಬದಲಾಗುತ್ತದೆ.

ಶಾಲಾ ಮುಖ್ಯಸ್ಥರು ಮಾಡಬಹುದಾದದ್ದು ಮೇಳ ಮುಗಿದ ಮೇಲೆ ಶುರುವಾಗುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಫಲಿತಾಂಶ ಬಂದ ಮರುದಿನ ಮಾಡೆಲ್‌ಗಳು ಮೂಲೆ ಸೇರುತ್ತವೆ. ಮುಂದಿನ ವರ್ಷ ಬೇರೆ ವಿಷಯ, ಬೇರೆ ಮಾಡೆಲ್. ಹೀಗೆ ಮಾಡಿದರೆ ಯಾವ ಪ್ರಶ್ನೆಯೂ ಬೆಳೆಯುವುದಿಲ್ಲ. ಐಸೆಫ್‌ನಂತಹ ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲೇ ಹಿಂದಿನ ವರ್ಷದ ಪ್ರಾಜೆಕ್ಟನ್ನು ಮುಂದುವರಿಸಿ ತರಬಹುದು. ಈ ವರ್ಷ ಹೊಸದಾಗಿ ಏನು ಮಾಡಿದ್ದು ಅಂತ ಬೇರೆ ನಮೂನೆಯಲ್ಲಿ ಬರೆದುಕೊಟ್ಟರೆ ಆಯಿತು. ನಮ್ಮ ಮಕ್ಕಳು ಹಳೆಯ ಪ್ರಶ್ನೆಯನ್ನೇ ಮತ್ತೆ ತಂದರೆ ಯಾಕೆ "ರಿಪೀಟ್" ಅಂತ ತಳ್ಳಿಹಾಕಬೇಕು? ವಾರಕ್ಕೆ ಒಂದು ಸಂಜೆ ಪ್ರಯೋಗಾಲಯದ ಬಾಗಿಲು ತೆರೆದಿಡಿ. ಸ್ಪರ್ಧೆಗೆ ಹೋಗಿ ಬಂದವರು, ಹೋಗುವವರು, ಸುಮ್ನೆ ನೋಡಲು ಬಂದವರು ಎಲ್ಲರೂ ಅಲ್ಲಿ ಸೇರಲಿ. ಯಾರದೋ ಪ್ರಯೋಗ ಕೈಕೊಟ್ಟಾಗ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ. ಮಕ್ಕಳು ಉಳಿದುಕೊಳ್ಳುವುದು ಅಂಥ ಸಂಜೆಗಳಿಂದ.

ಸಾಧ್ಯವಾದರೆ ಕಡ್ಡಾಯ ಮಾಡುವುದನ್ನು ನಿಲ್ಲಿಸಿ. ಎಲ್ಲರೂ ಒಂದೊಂದು ಮಾಡೆಲ್ ತರಲೇಬೇಕು ಅಂದಾಗಲೇ ಕೆಲಸ ಮಕ್ಕಳ ಕೈಯಿಂದ ಮನೆಯ ದೊಡ್ಡವರ ಕೈಗೆ ಹೋಗುವುದು.

ಮುಂದಿನ ಸ್ಪರ್ಧೆಯ ಸುತ್ತೋಲೆ ಇನ್ನೇನು ತಯಾರಾಗುತ್ತಿರಬಹುದು. ಅದರಲ್ಲಿ ಬಹುಮಾನದ ಸಾಲಿಗಿಂತ ಮೇಲೆ ಈ ಮೂರು ಸಾಲು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ:

"ಭಾಗವಹಿಸುವ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆ ಕನಿಷ್ಠ 10 ನಿಮಿಷ ಅವರ ಕೆಲಸದ ಬಗ್ಗೆ ಮಾತಾಡಲಾಗುವುದು. ಕೆಲಸದಲ್ಲಿ ಯಾವುದು ಚೆನ್ನಾಗಿದೆ, ಮುಂದೆ ಏನು ಮಾಡಿ ನೋಡಬಹುದು ಎಂದು ಬರೆದ ಟಿಪ್ಪಣಿಯನ್ನು ಅದೇ ದಿನ ಅವರ ಕೈಗೆ ಕೊಡಲಾಗುವುದು. ಹಿಂದಿನ ವರ್ಷದ ಪ್ರಾಜೆಕ್ಟನ್ನು ಮುಂದುವರಿಸಿ ತರುವವರಿಗೂ ಸ್ವಾಗತ."

ಟಿಪ್ಪಣಿ ಬರೆಯಲು ಜನ ಸಾಲದಿದ್ದರೆ ತಿಳಿಸಿ. ನಾನು ಬರುತ್ತೇನೆ, ನನ್ನ ಹಳೆಯ ವಿದ್ಯಾರ್ಥಿಗಳನ್ನೂ ಕರೆತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ